ಮೆಹಕರದ ಬಸ್ಸಿಗೆ ವೇಳೆ ಗೊತ್ತುಮಾಡುವವರು

ಬೀದರ್ ಸೀಮೆಗೆ ಸಾರಿಗೆ ಯೋಜನೆ ಹೊಸದಲ್ಲ. ಅದನ್ನೊಂದು ವೃತ್ತಿಯೆಂದು ಒಪ್ಪಿಕೊಂಡಿಲ್ಲ, ಅಷ್ಟೆ. 1932ರ ಜೂನ್‌ನಲ್ಲಿ ನಿಜಾಮರ ಸರ್ಕಾರಿ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸುಗಳನ್ನು ಓಡಿಸತೊಡಗಿತು. ವಿಕಾರಾಬಾದಿನಿಂದ ಬೀದರ್, ಭಾಲ್ಕಿ ಹಾದು ಪರಳಿಗೆ ಹೋಗುವ ರೈಲುಮಾರ್ಗವೂ ಆ ಕಾಲದ್ದೇ. ರೈಲು, ಬಸ್ಸು ಎರಡೂ ಒಂದೇ ಆಡಳಿತದಲ್ಲಿದ್ದುದರಿಂದ ಎರಡಕ್ಕೂ ವೇಳೆ ಹೊಂದಿಸಲು ಅವಕಾಶವಿತ್ತು. 1951ರಲ್ಲಿ ಬಸ್ಸು ರೈಲ್ವೆಯಿಂದ ಬೇರೆಯಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಲ್ಲಿ ಬೀದರ್ ಜಿಲ್ಲೆಯೇ ಮೂರು ಹೋಳಾಯಿತು: ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ, ಉದಗೀರ, ನಿಲಂಗಾ ಮುಂಬಯಿಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಗಡಿಯೂರುಗಳ ವ್ಯಾಪಾರ, ನೆಂಟಸ್ತನ ಮಾತ್ರ ನಕ್ಷೆ ನೋಡಿ ಬದಲಾಗಲಿಲ್ಲ. ನಿನ್ನೆಯವರೆಗೆ ಜಿಲ್ಲೆಯೊಳಗೇ ಇದ್ದ ದಾರಿ ಈಗ ಅಂತರರಾಜ್ಯ ಒಪ್ಪಂದಕ್ಕೆ, ಪರ್ಮಿಟ್ಟಿಗೆ ಕಾಯಬೇಕಾಯಿತು.

ಅಂದಿನಿಂದ ಈ ದಾರಿಗಳ ಲೆಕ್ಕ ಹಾಕುತ್ತ ಬಂದವರು ಬಸ್ ಡಿಪೋಗಳ ಸಂಚಾರ ಶಾಖೆಯವರು. ಹಳ್ಳಿಯಲ್ಲಿ ರಾತ್ರಿ ತಂಗುವ ವಸ್ತಿ ಬಸ್ಸನ್ನೇ ನೋಡಿ. ಅದು ಬೆಳಿಗ್ಗೆ ಎಷ್ಟಕ್ಕೆ ಹೊರಟರೆ ಕಾಲೇಜು ಹುಡುಗಿಯರಿಗೂ ಆಸ್ಪತ್ರೆಗೆ ಹೋಗುವವರಿಗೂ ಅನುಕೂಲ, ಎಷ್ಟು ಟ್ರಿಪ್ ಆದಮೇಲೆ ಡ್ರೈವರನ ಎಂಟು ಗಂಟೆ ದುಡಿಮೆ ಮುಗಿಯುತ್ತದೆ, ಕಿಲೋಮೀಟರಿಗೆ ಬರುವ ಆದಾಯ ಡೀಸೆಲ್ಲಿಗಾದರೂ ಸಾಕೇ ಎಂಬುದನ್ನೆಲ್ಲ ಕೂಡಿಸಿ ಕಳೆದು ಒಂದು ಶೆಡ್ಯೂಲ್ ಬರೆಯುತ್ತಾರೆ. ಇದು ಯೋಜಕನ ಕೆಲಸವಲ್ಲದೆ ಮತ್ತೇನು? ಆದರೂ ಕಂಡಕ್ಟರಾಗಿ ಸೇರಿ ಸಂಚಾರ ನಿಯಂತ್ರಕನಾಗಿ ಬಡ್ತಿ ಪಡೆದವನ ತಿಳಿವಳಿಕೆ ಅವನ ನಿವೃತ್ತಿಯ ದಿನವೇ ಕಚೇರಿಯಿಂದ ಹೊರಟುಹೋಗುತ್ತದೆ. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು, 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ನಿಗಮವಾಯಿತು, 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು ಬಂತು. ಈ ಜನರ ಅನುಭವವನ್ನು ವಿದ್ಯೆಯಾಗಿ ಬೆಳೆಸುವ ಏಣಿ ಮಾತ್ರ ಬರಲಿಲ್ಲ.

ಅನುಭವ ಇರುವಾಗ ಪದವಿ ಏಕೆ ಎನ್ನುವವರಿದ್ದಾರೆ. ಅನುಭವದ ಬೆಲೆ ದೊಡ್ಡದು, ನಿಜ. ಆದರೆ ಟಿಕೆಟ್ ಲೆಕ್ಕದಲ್ಲಿ ಕಾಣುವುದು ಬಸ್ ಹತ್ತಿದವರು ಮಾತ್ರ. ಬಸ್ಸಿಲ್ಲದೆ ಮನೆಯಲ್ಲೇ ಉಳಿದವರನ್ನು ಎಣಿಸಲು ಸಮೀಕ್ಷೆಯ ವಿದ್ಯೆ ಬೇಕು. ಬೆಂಗಳೂರಿನಲ್ಲಿ 2007ರಿಂದ ನಗರ ಭೂಸಾರಿಗೆ ನಿರ್ದೇಶನಾಲಯ ಇದೆಯಲ್ಲ ಎಂಬುದು ಇನ್ನೊಂದು ವಾದ. ಅದರ ಹೆಸರೇ ಹೇಳುವಂತೆ ಅದು ನಗರಗಳಿಗಾಗಿ ಹುಟ್ಟಿದ್ದು. ರೈಲೇ ಇಲ್ಲದ ಔರಾದಿನ ಹಳ್ಳಿಗಳ ಓಡಾಟ ಅದರ ಮುಖ್ಯ ಚಿಂತೆಯಲ್ಲ. ಓದಿದ ಯೋಜಕರು ಇಲ್ಲಿಗೆ ಬರುವುದಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಹುದ್ದೆಯೇ ಇಲ್ಲದ ಕಡೆ ಯಾರು ಬಂದಾರು? ಬೀದರಿನಲ್ಲೂ ಭಾಲ್ಕಿಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ, ಸ್ಥಳೀಯರಿಗೆ ಉದ್ಯೋಗ ಮೀಸಲಿಡಲು ಸಂವಿಧಾನದ 371(ಜೆ) ವಿಧಿಯ ಬಲವೂ ಇದೆ. ನಿಗಮದ ಬೀದರ್ ವಿಭಾಗದಲ್ಲಿ ಸಾರಿಗೆ ಯೋಜಕರ ಹುದ್ದೆಯೊಂದನ್ನು ಸೃಷ್ಟಿಸಿ, ಸಂಚಾರ ಶಾಖೆಯವರಿಗೆ ಸಂಬಳದ ರಜೆ ಕೊಟ್ಟು ಓದಿಸಿ, ಆ ಹುದ್ದೆಗೆ ಏರುವ ದಾರಿಯನ್ನು ಅವರಿಗೇ ಮೊದಲು ತೆರೆಯಬೇಕು. ಸರ್ಕಾರ ಈ ಕೆಲಸವನ್ನು ಇನ್ನು ಮುಂದೂಡಬಾರದು.