ಮಲೆನಾಡಿಗೆ ಬಂದ ಪರದೇಶಿ ಅತಿಥಿಗಳು

ಉಷ್ಣ ದೇಶಗಳಿಗೆ ಹೊರಡುವ ಪರದೇಶೀಯರಿಗೆ ಈಗ ಕೈಪಿಡಿಗಳಿವೆ. ಯಾವ ನೀರು ಕುಡಿಯಬೇಕು, ಯಾವ ಲಸಿಕೆ ಹಾಕಿಸಿಕೊಳ್ಳಬೇಕು, ಚಪ್ಪಲಿ ಎಲ್ಲಿ ಕಳಚಬೇಕು ಎಂಬುದೆಲ್ಲ ಅವುಗಳಲ್ಲಿರುತ್ತದೆ. ಇಂಥ ಯಾವ ಪುಸ್ತಕವೂ ಕೈಯಲ್ಲಿಲ್ಲದೆ 1623ರ ನವೆಂಬರಿನಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಸಾಗರದ ಬಳಿಯ ಇಕ್ಕೇರಿಗೆ ಬಂದ. ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಗೋವೆಯ ಪೋರ್ಚುಗೀಸರು ಕಳಿಸಿದ ರಾಯಭಾರಿಯ ಜೊತೆಗಾರ ಅವನು. ಹೊನ್ನಾವರಕ್ಕೆ ಸಮುದ್ರದ ದಾರಿ, ಗೇರುಸೊಪ್ಪೆಗೆ ಶರಾವತಿಯ ದಾರಿ, ಅಲ್ಲಿಂದ ಘಟ್ಟ.

ರಾಯಭಾರದ ವಿಷಯಗಳಲ್ಲಿ ಕಾಳುಮೆಣಸಿನ ವ್ಯವಹಾರವೂ ಒಂದು. ದೆಲ್ಲಾ ವಾಲ್ಲೆಯ ಕಣ್ಣಾದರೋ ಜನರ ನಡೆನುಡಿಯ ಮೇಲೆ. ಘಟ್ಟದ ಮೇಲಿನ ಹನುಮಂತನ ಗುಡಿಯ ಜಗಲಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕುಳಿತು ನೋಡಿದ. ಪಾತ್ರೆಗೆ ತುಟಿ ತಾಗಿಸದೆ ಎತ್ತಿ ಕುಡಿಯುವ ಈ ದೇಶದ ಕ್ರಮ ಹೊಸಬರಿಗೆ ಬಲು ಕಷ್ಟವಾಗುತ್ತಿತ್ತು. ಎದೆಯ ಮೇಲೆ ಚೆಲ್ಲಿಕೊಂಡು, ನೆತ್ತಿಗೆ ಹತ್ತಿ ಕೆಮ್ಮಿ, ನೋಡುವವರನ್ನು ನಗಿಸುತ್ತಿದ್ದರೆಂದು ಅವನೇ ಬರೆದಿದ್ದಾನೆ. ನೆಲಕ್ಕೆ ಸೆಗಣಿ ಸಾರಿಸುವುದಂತೂ ಅವನಿಗೆ ತುಂಬ ಹಿಡಿಸಿತು. ಇದು ಮೂಢನಂಬಿಕೆಯಲ್ಲ, ಚೊಕ್ಕಟತನ, ಪೋರ್ಚುಗೀಸರೂ ಹೀಗೆಯೇ ಮಾಡುತ್ತಾರೆ, ಪ್ಲೇಗಿಗೂ ಒಳ್ಳೆಯದಂತೆ, ಊರಿಗೆ ಮರಳಿ ಮಾಡಿನೋಡಬೇಕು ಎಂದುಕೊಂಡ. ಪ್ಲೇಗಿನ ಮಾತಿಗೆ ಆಧಾರವಿಲ್ಲ. ಆದರೆ ಎಂಜಲಾಗದ ಪಾತ್ರೆಯಿಂದ ಅತಿಥಿಯ ಆರೋಗ್ಯಕ್ಕೆ ಒಳಿತಾಗಿರಲೂಬಹುದು. ಮಡಿಯ ಉದ್ದೇಶ ಮಾತ್ರ ಅದಾಗಿರಲಿಲ್ಲ. ಹೊರಗಿನವರನ್ನು, ಒಳಗಿನವರಲ್ಲೇ ಹಲವರನ್ನು, ದೂರವಿಡುವ ಕೆಲಸವನ್ನೂ ಅದು ಮಾಡುತ್ತಿತ್ತು.

ಕಂಡದ್ದಕ್ಕೆಲ್ಲ ತಲೆದೂಗಿದವನೂ ಅವನಲ್ಲ. ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಹೆಣ್ಣೊಬ್ಬಳನ್ನು ಮಾತನಾಡಿಸಿ, ಬೇಡವೆಂದು ಹೇಳಿನೋಡಿದ. ಆಕೆ ಒಪ್ಪಲಿಲ್ಲ.

ಆದರೆ ಮಲೆನಾಡಿನ ದೊಡ್ಡ ಅಪಾಯದ ಬಗ್ಗೆ ಅತಿಥಿಗೆ ಬುದ್ಧಿ ಹೇಳಬಲ್ಲವರು ಇಲ್ಲಿ ಯಾರೂ ಇರಲಿಲ್ಲ. ಅದು ಚಳಿಜ್ವರ. ‘ಮಲೇರಿಯಾ’ ಎಂಬ ಹೆಸರು ದೆಲ್ಲಾ ವಾಲ್ಲೆಯ ಇಟಾಲಿಯನ್ ಭಾಷೆಯದೇ: ಕೆಟ್ಟ ಗಾಳಿ ಎಂದರ್ಥ. ಅವನ ರೋಮ್ ಕೂಡ ಆ ಜ್ವರಕ್ಕೆ ಹೆಸರಾದ ಊರು. 1801ರಲ್ಲಿ ನಗರಕ್ಕೆ, ಅಂದರೆ ಕೆಳದಿಯವರ ಹಳೆಯ ರಾಜಧಾನಿ ಬಿದನೂರಿಗೆ, ಬಂದ ಫ್ರಾನ್ಸಿಸ್ ಬುಕನನ್ ಸ್ವತಃ ವೈದ್ಯ. ಆದರೆ ಅವನ ಕಾಲದ ವೈದ್ಯಶಾಸ್ತ್ರವೂ ಗಾಳಿಯನ್ನೇ ದೂರುತ್ತಿತ್ತು. ಸೊಳ್ಳೆಯ ಪಾತ್ರ ರೊನಾಲ್ಡ್ ರಾಸ್‌ನಿಂದ ಖಚಿತವಾಗತೊಡಗಿದ್ದು 1897ರಲ್ಲಿ. ಅದೂ ಮಲೆನಾಡಿನ ಸೊಳ್ಳೆ ಹುಟ್ಟುವುದು ಕೊಳಚೆಯಲ್ಲಲ್ಲ, ತಿಳಿನೀರಿನ ಹಳ್ಳಗಳ ಅಂಚಿನಲ್ಲಿ. ಎಷ್ಟು ಮಡಿ ಮಾಡಿದರೂ ಅದರ ಮುಂದೆ ನಡೆಯದು! ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು ತೀರ್ಥಹಳ್ಳಿ, ಹೊಸನಗರಗಳ ಹಳ್ಳಿಗಳಲ್ಲಿ ಸಾಮಾನ್ಯವಾಗಿದ್ದರು. ಬಯಲುಸೀಮೆಯವರು ಇತ್ತ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು.

ಸ್ವಾತಂತ್ರ್ಯಾನಂತರ ಡಿಡಿಟಿ ಸಿಂಪಡಿಸಿದ ಮೇಲೆ ಆ ಜ್ವರ ತಗ್ಗಿತು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ. ನಾಲ್ಕೇ ವರ್ಷಕ್ಕೆ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜನರೂ ಜ್ವರದಿಂದ ಮಲಗಿದರು. ಮಂಗನ ಕಾಯಿಲೆ ಎಂದು ನಾವು ಕರೆಯುವುದು ಇದನ್ನೇ. ಉಣುಗು ಕಚ್ಚಿ ಹರಡುವ ಈ ರೋಗದ ಕಾಲ ಡಿಸೆಂಬರಿನಿಂದ ಮೇವರೆಗೆ. ಅಂದರೆ ಮಳೆ ನಿಂತು, ದಾರಿ ಒಣಗಿ, ಕೊಡಚಾದ್ರಿಗೆಂದು ಪ್ರವಾಸಿಗರು ಬರುವ ಕಾಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ತೀರಿಕೊಂಡರು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಅದರ ರಕ್ಷಣೆ ಸಾಲದೆಂದು ಕಂಡುಬಂದಿತ್ತು.

ಹೋಂಸ್ಟೇಗಳಲ್ಲಿ ಅತಿಥಿಗೆ ಬೆಲ್ಲ ನೀರು ಕೊಟ್ಟು, ಕಷಾಯ ಕೊಟ್ಟು, ಜಲಪಾತದ ದಾರಿ ಹೇಳುತ್ತಾರೆ. ಅದರ ಜೊತೆಗೇ ಹೇಳಬೇಕಾದ ಮಾತುಗಳಿವೆ: ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ತುಂಬ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಹೋದ ಮೇಲೆ ವಾರದೊಳಗೆ ಜ್ವರ ಬಂದರೆ, ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ಹೇಳಿ.