ಹಕ್ಕಲು ಹಕ್ಕಾಗಿದ್ದ ಕಾಲ

ಇಂಗ್ಲೆಂಡಿನ ಹಳ್ಳಿ ಎಂದರೆ ನಮ್ಮಲ್ಲಿ ಸಾಹಿತ್ಯ ಓದಿದವರ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಚರ್ಚಿನ ಗೋಪುರ, ಹುಲ್ಲು ಹೊದಿಸಿದ ಮನೆಗಳು, ಎರಡೂ ಕಡೆ ಬೇಲಿಯಿರುವ ಗಾಡಿದಾರಿ. ವರ್ಡ್ಸ್‌ವರ್ತ್, ಹಾರ್ಡಿ ಪಠ್ಯವಾಗಿದ್ದ ಕಾಲೇಜಿನ ದಿನಗಳಲ್ಲಿ ನನಗೆ ಸಿಕ್ಕಿದ್ದೂ ಅದೇ ಚಿತ್ರ. ಆಮೇಲೆ ಆ ದೇಶದ ಗ್ರಾಮಚರಿತ್ರೆಯನ್ನು ಓದುವ ಹುಚ್ಚು ಹಿಡಿಯಿತು. ಓದುತ್ತಾ ಹೋದಂತೆ ಆ ಚಿತ್ರದ ಒಂದು ಮೂಲೆಯಲ್ಲಿ, ಕೊಯ್ಲು ಮುಗಿದ ಗೋಧಿ ಹೊಲದಲ್ಲಿ, ಬೆನ್ನು ಬಗ್ಗಿಸಿ ಏನನ್ನೋ ಆಯುತ್ತಿದ್ದ ಹೆಂಗಸರು ಮತ್ತು ಮಕ್ಕಳು ಕಾಣತೊಡಗಿದರು. ಈ ಲೇಖನ ಅವರ ಬಗ್ಗೆ.

ಅವರು ಮಾಡುತ್ತಿದ್ದ ಕೆಲಸಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಿಲ್ಲ. ಅದು ಹಕ್ಕಲಾಯುವುದು. ಪೈರು ಕೊಯ್ದು ಸಿವುಡು ಸಾಗಿಸಿದ ಮೇಲೆ ಕೂಳೆಯ ನಡುವೆ ಉಳಿದ, ಉದುರಿದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದು. ನಮ್ಮ ಅಜ್ಜಿ ಚಿಕ್ಕಂದಿನಲ್ಲಿ ಹಾಗೆ ರಾಗಿ ತೆನೆ ಆಯುತ್ತಿದ್ದಳಂತೆ. "ಯಾರನ್ನೂ ಕೇಳ್ತಿರ್ಲಿಲ್ಲ, ಯಾರೂ ಬ್ಯಾಡ ಅಂತಿರ್ಲಿಲ್ಲ" ಎನ್ನುತ್ತಿದ್ದಳು. ಹಕ್ಕಲು ಎಂಬುದು ನಮ್ಮ ಹಳೆಯ ಮಾತು. ಹಕ್ಕು ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು. ಎರಡಕ್ಕೂ ನಂಟಿಲ್ಲ. ಆದರೆ ಹಕ್ಕಲು ಹಕ್ಕೇ ಅಥವಾ ಹೊಲದೊಡೆಯನ ಔದಾರ್ಯವೇ ಎಂಬ ಪ್ರಶ್ನೆ 1788ರಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ನ್ಯಾಯಾಲಯದ ಮುಂದೆ ನಿಜವಾಗಿಯೂ ಬಂದಿತ್ತು.

ಪೂರ್ವ ಇಂಗ್ಲೆಂಡಿನ ಸಫೊಕ್ ಪ್ರಾಂತ್ಯ ಗೋಧಿ, ಬಾರ್ಲಿಯ ಸೀಮೆ. ಅಲ್ಲಿನ ಟಿಮ್‌ವರ್ತ್ ಎಂಬ ಚಿಕ್ಕ ಊರಿನಲ್ಲಿ 1787ರ ಸುಗ್ಗಿಯಲ್ಲಿ ಮೇರಿ ಹೌಟನ್ ಎಂಬಾಕೆ ಜೇಮ್ಸ್ ಸ್ಟೀಲ್ ಎಂಬ ರೈತನ ಹೊಲದಲ್ಲಿ ಹಕ್ಕಲಾಯ್ದಳು. ಸ್ಟೀಲ್ ಅತಿಕ್ರಮಣದ ದಾವೆ ಹೂಡಿದ. ಮದುವೆಯಾದ ಹೆಂಗಸಿಗೆ ಆ ಕಾಲದ ಕಾನೂನಿನಲ್ಲಿ ಗಂಡನಿಂದ ಬೇರೆಯಾದ ಅಸ್ತಿತ್ವ ಇರಲಿಲ್ಲ. ಹಾಗಾಗಿ ಗಂಡನನ್ನೂ ಸೇರಿಸಿ ದಾವೆ ಹಾಕಬೇಕಾಯಿತು. ಮೊಕದ್ದಮೆಯ ಶೀರ್ಷಿಕೆಯಲ್ಲಿ ಮೇರಿಯ ಹೆಸರೇ ಇಲ್ಲ. "ಸ್ಟೀಲ್ ವಿರುದ್ಧ ಹೌಟನ್ ಮತ್ತು ಹೆಂಡತಿ" ಎಂದಿದೆ. ಹೆಂಡತಿ ಎಂಬ ಮಾತು ಲ್ಯಾಟಿನ್‌ನಲ್ಲಿದೆ. ಹೊಲಕ್ಕೆ ಹೋದವಳು ಅವಳು, ತೆನೆ ಆಯ್ದವಳು ಅವಳು, ಆದರೆ ದಾಖಲೆಯಲ್ಲಿ ಅವಳು ಒಂದು ಲ್ಯಾಟಿನ್ ಪದ ಮಾತ್ರ.

ಹೌಟನ್ ದಂಪತಿಯ ಪರವಾಗಿ ವಾದ ದುರ್ಬಲವೇನಾಗಿರಲಿಲ್ಲ. ಬಡವರು ಕೊಯ್ಲಿನ ನಂತರ ಹಕ್ಕಲಾಯ್ದರೆ ಅದು ಅತಿಕ್ರಮಣವಲ್ಲ ಎಂದು ಇಂಗ್ಲಿಷ್ ಕಾನೂನಿಗೆ ಪ್ರಮಾಣಗ್ರಂಥವನ್ನೇ ಬರೆದ ಬ್ಲ್ಯಾಕ್‌ಸ್ಟೋನ್ ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ ಹೇಳಿದ್ದ. ನ್ಯಾಯಮೂರ್ತಿಗಳಲ್ಲಿ ಒಬ್ಬನಾದ ಗೂಲ್ಡ್ ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಮುಂದಿಟ್ಟ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಆಯಬೇಡ, ಅದನ್ನು ಬಡವನಿಗೂ ಪರದೇಶಿಗೂ ಬಿಡು ಎಂಬ ವಿಧಿ ಅಲ್ಲಿದೆ. ಬೋವಜನ ಹೊಲದಲ್ಲಿ ರೂತಳು ತೆನೆ ಆಯ್ದ ಕಥೆಯೂ ಅಲ್ಲಿಯದೇ. ಆದರೆ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಲಫ್‌ಬರೊ ಮತ್ತು ಉಳಿದವರು ಒಪ್ಪಲಿಲ್ಲ. ಆಸ್ತಿ ಎಂದರೆ ಒಡೆಯನೊಬ್ಬನೇ ಅನುಭವಿಸತಕ್ಕದ್ದು, ಇಂಥ ಹಕ್ಕು ಅದಕ್ಕೆ ಹೊಂದುವುದಿಲ್ಲ, ಮೋಶೆಯ ವಿಧಿ ಇಂಗ್ಲೆಂಡಿನ ನ್ಯಾಯಾಲಯವನ್ನು ಕಟ್ಟಿಹಾಕದು ಎಂಬುದು ಅವರ ವಾದದ ಸಾರ. ಹಕ್ಕಲು ಹಕ್ಕಲ್ಲ ಎಂದು ತೀರ್ಪಾಯಿತು. ವಾದವೆಲ್ಲ ನಡೆದದ್ದು ಕಾನೂನಿನ ಪ್ರಶ್ನೆಯ ಮೇಲೆ. ಹಕ್ಕಲಾಯುತ್ತಿದ್ದ ಹೆಂಗಸರನ್ನು ಕರೆಸಿ ಕೇಳುವ ಪ್ರಸಂಗವೇ ಬರಲಿಲ್ಲ.

ಇಲ್ಲಿ ಕನ್ನಡದ ಓದುಗರಿಗೆ ಪರಿಚಯದ ಒಂದು ಹೆಸರು ಬರುತ್ತದೆ. ಟಿಮ್‌ವರ್ತ್‌ನ ದೊಡ್ಡ ಜಮೀನ್ದಾರ ಮನೆತನ ಕಾರ್ನ್‌ವಾಲಿಸರದು. ಅವರ ಕಲ್ಫರ್ಡ್ ಬಂಗಲೆ ಅಲ್ಲಿಗೆ ಹತ್ತಿರದಲ್ಲೇ ಇತ್ತು. ಆ ಮನೆತನದ ಚಾರ್ಲ್ಸ್ ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದವನು, 1786ರಲ್ಲಿ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದವನು. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದವನೂ, ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನೂ ಅವನೇ. ಮೇರಿಯ ಮೊಕದ್ದಮೆಯಲ್ಲಿ ಅವನ ಕೈವಾಡವಿತ್ತೆಂದು ನಾನು ಹೇಳುತ್ತಿಲ್ಲ. ತೀರ್ಪು ಬಂದಾಗ ಅವನು ಇಂಡಿಯಾದಲ್ಲಿದ್ದ. ಆದರೆ ತೀರ್ಪಾದ ಐದೇ ವರ್ಷಕ್ಕೆ, 1793ರಲ್ಲಿ, ಅವನು ಬಂಗಾಳದಲ್ಲಿ ಕಾಯಂ ಜಮೀನ್ದಾರಿ ಪದ್ಧತಿಯನ್ನು ತಂದ. ಒಂದೇ ನೆಲದ ಮೇಲೆ ಹಲವರಿಗೆ ಹಲವು ಬಗೆಯ ಬಾಧ್ಯತೆಗಳಿದ್ದ ವ್ಯವಸ್ಥೆಯಲ್ಲಿ ಒಬ್ಬನನ್ನು ಎತ್ತಿ ಒಡೆಯನೆಂದು ಬರೆದುಕೊಂಡಿತು ಕಂಪನಿ. ಆಸ್ತಿಯ ಬಗೆಗಿನ ಆ ಒಂದೇ ನಂಬಿಕೆ ಸಫೊಕ್‌ನ ಕೂಳೆ ಹೊಲದಲ್ಲೂ ಬಂಗಾಳದ ಗದ್ದೆಯಲ್ಲೂ ಒಂದೇ ದಶಕದೊಳಗೆ ಕಾನೂನಾಯಿತು. ಇತಿಹಾಸಕಾರ ಇ. ಪಿ. ಥಾಮ್ಸನ್ ಇಂಗ್ಲೆಂಡಿನ ಜನಸಾಮಾನ್ಯರ ರೂಢಿಗಳ ಬಗ್ಗೆ 1991ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮೊಕದ್ದಮೆಗೆ ಜಾಗ ಕೊಟ್ಟದ್ದು ಸುಮ್ಮನಲ್ಲ.

ನಮ್ಮ ಕೈಯಲ್ಲಿ ಕಾನೂನು ವರದಿಗಳು ಮಾತ್ರ ಇದ್ದಿದ್ದರೆ ಕಥೆ ಇಲ್ಲಿಗೆ ಮುಗಿಯಿತೆಂದು ಬರೆದುಬಿಡುತ್ತಿದ್ದೆವು. ಆದರೆ ಊರಿನ ನೆನಪು ಬೇರೆಯೇ ಹೇಳುತ್ತದೆ. ತೀರ್ಪಾಗಿ ನೂರು ವರ್ಷ ಕಳೆದರೂ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಕ್ಕಲಾಯುವುದು ನಿಲ್ಲಲಿಲ್ಲ. ನಿಲ್ಲದೆ ಉಳಿದದ್ದಷ್ಟೇ ಅಲ್ಲ, ಅದಕ್ಕೆ ತನ್ನದೇ ಕಟ್ಟುಕಟ್ಟಳೆಗಳಿದ್ದವು. ಹೊಲದಲ್ಲಿ ಒಂದು ಸಿವುಡನ್ನು ರೈತ ಬಿಟ್ಟಿದ್ದಾನೆಂದರೆ ಇನ್ನೂ ಕೆಲಸ ಮುಗಿದಿಲ್ಲ, ಒಳಗೆ ಬರಬಾರದು ಎಂದರ್ಥ. ಆ ಒಂಟಿ ಸಿವುಡಿಗೆ ಜನ "ಪೊಲೀಸಪ್ಪ" ಎಂಬರ್ಥದ ಹೆಸರಿಟ್ಟಿದ್ದರು. ಅದನ್ನು ಎತ್ತಿದೊಡನೆ ಹೊಲ ಹಕ್ಕಲಿನವರಿಗೆ ಬಿಟ್ಟಂತೆ. ಹಲವು ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದ ಮೇಲೇ ಎಲ್ಲರೂ ಹೊಲಕ್ಕೆ ಇಳಿಯಬೇಕು, ಸಂಜೆಯ ಗಂಟೆಗೆ ಎಲ್ಲರೂ ಏಳಬೇಕು. ಎಳೆಮಕ್ಕಳ ತಾಯಿ ಮನೆಗೆಲಸ ಮುಗಿಸಿ ಬರುವಷ್ಟರಲ್ಲಿ ಬೇರೆಯವರು ಹೊಲ ಬಳಿದುಕೊಂಡು ಹೋಗಿರಬಾರದು ಎಂಬ ನ್ಯಾಯ ಅದರ ಹಿಂದಿತ್ತು. ಗಂಟೆ ಬಾರಿಸುವವನಿಗೆ ಹಕ್ಕಲಿನವರೇ ಪುಡಿಗಾಸು ಕೊಡುವ ರೂಢಿಯೂ ಕೆಲವೆಡೆ ಇತ್ತು. ಹಕ್ಕಲಿನವರಿಗೆ ಒಬ್ಬ "ರಾಣಿ"ಯನ್ನು ಆರಿಸಿ ಅವಳ ಮಾತಿನಂತೆ ನಡೆಯುತ್ತಿದ್ದ ಊರುಗಳೂ ಇದ್ದವು. ಕಾನೂನು ಇಲ್ಲವೆಂದ ಹಕ್ಕಿಗೆ ಹಳ್ಳಿಯೇ ಒಂದು ಕಾನೂನು ಮಾಡಿಕೊಂಡಿತ್ತು.

ರೈತರು ಸುಮ್ಮನೆ ಕೂತಿರಲಿಲ್ಲ. ಅವರ ಪ್ರಯತ್ನಗಳು ಏಕೆ ಫಲಿಸಲಿಲ್ಲವೆಂದು ಪೀಟರ್ ಕಿಂಗ್ ಎಂಬ ಇತಿಹಾಸಕಾರ 1989ರ ಒಂದು ಲೇಖನದಲ್ಲಿ ವಿವರವಾಗಿ ಶೋಧಿಸಿದ್ದಾರೆ. ತರ್ಕ ಸರಳ. ತೀರ್ಪಿನ ಪ್ರಕಾರ ಹಕ್ಕಲಾಯುವುದು ಕಳ್ಳತನವಾಗಲಿಲ್ಲ, ಅತಿಕ್ರಮಣವಾಯಿತು ಅಷ್ಟೆ. ಅತಿಕ್ರಮಣಕ್ಕೆ ಸಿವಿಲ್ ದಾವೆ ಹೂಡಬೇಕು, ಅದಕ್ಕೆ ದುಡ್ಡು ಸುರಿಯಬೇಕು. ಗೆದ್ದರೂ ಕೂಲಿಯವನ ಹೆಂಡತಿಯಿಂದ ವಸೂಲಿ ಮಾಡುವುದೇನು? ಮೇಲಾಗಿ ಬರುವವಳು ಒಬ್ಬಳಲ್ಲ, ಊರಿನ ಅರ್ಧ ಹೆಂಗಸರು. ಇವತ್ತು ಅವರನ್ನು ಓಡಿಸಿದರೆ ನಾಳೆ ಕೊಯ್ಲಿಗೆ ಬರಬೇಕಾದವರು ಅವರ ಗಂಡಂದಿರೇ.

ಇದೆಲ್ಲ ಊರಿನ ಒಳಗಿನಿಂದ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಫ್ಲೋರಾ ಥಾಮ್ಸನ್ ಸಾಕ್ಷಿ. 1876ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಜುನಿಪರ್ ಹಿಲ್ ಎಂಬ ಕುಗ್ರಾಮದಲ್ಲಿ ಹುಟ್ಟಿದ ಆಕೆ 1939ರಲ್ಲಿ "ಲಾರ್ಕ್ ರೈಸ್" ಪುಸ್ತಕದಲ್ಲಿ ತನ್ನ ಬಾಲ್ಯದ ಊರನ್ನು ಬರೆದಳು. ಅಲ್ಲಿ ಹಕ್ಕಲಿಗೆ "ಲೀಸಿಂಗ್" ಎಂಬ ಸೀಮೆಯ ಮಾತಿತ್ತು. ವಾರಗಟ್ಟಲೆ ಆಯ್ದ ಗೋಧಿಯನ್ನು ಮನೆಯಲ್ಲೇ ಬಡಿದು ಗಿರಣಿಗೆ ಕಳಿಸುತ್ತಿದ್ದರು. ಗಿರಣಿಯವನು ತನ್ನ ಕೂಲಿಯನ್ನು ಹಿಟ್ಟಿನಲ್ಲೇ ಹಿಡಿದುಕೊಳ್ಳುತ್ತಿದ್ದ. ಹಿಟ್ಟಿನ ಮೂಟೆ ಮನೆಗೆ ಬಂದ ದಿನ ಅದನ್ನು ನಡುಮನೆಯಲ್ಲಿ ಕುರ್ಚಿಯ ಮೇಲೆ ಇಟ್ಟು, ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆದು ತೋರಿಸುತ್ತಿದ್ದರಂತೆ. ಈ ವಿವರ ಓದಿದ ದಿನ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಸ್ತಿ ಎಂದರೇನು ಎಂದು ಲಫ್‌ಬರೊ ಪುಟಗಟ್ಟಲೆ ಹೇಳಿದ. ಒಂದು ಮೂಟೆ ಹಿಟ್ಟನ್ನು ಕುರ್ಚಿಯ ಮೇಲೆ ಕೂರಿಸಿದ ಆ ತಾಯಿಗೂ ಅದು ಏನೆಂದು ಗೊತ್ತಿತ್ತು.

ಹಾಗೆಂದು ಈ ನೆನಪುಗಳನ್ನು ಹಬ್ಬ ಮಾಡಿಕೊಳ್ಳಬಾರದು. ಹಕ್ಕಲಿನ ಹೊಲದಲ್ಲಿ ದಿನವಿಡೀ ಬಗ್ಗಿದವರಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳೂ ಇದ್ದರು. ಆ ಕಾಲದ ಹಳ್ಳಿಶಾಲೆಗಳ ದಿನಚರಿ ಪುಸ್ತಕಗಳಲ್ಲಿ, ಹಕ್ಕಲಿನಿಂದಾಗಿ ಹಾಜರಿ ಕಡಿಮೆ ಎಂದು ಮೇಷ್ಟರು ಗೊಣಗಿ ಬರೆದ ಟಿಪ್ಪಣಿಗಳು ಸಿಗುತ್ತವೆ. ಊರಿನ ನ್ಯಾಯವೂ ಊರಿನವರಿಗೆ ಮಾತ್ರ. ಪಕ್ಕದ ಪ್ಯಾರಿಷ್‌ನಿಂದ ಬಂದ ಹಸಿದ ಹೆಂಗಸನ್ನು ಓಡಿಸುವುದರಲ್ಲಿ ರೈತನಿಗಿಂತ ಹಕ್ಕಲಿನವರೇ ಮುಂದು. ಹಳೆಯ ಒಡಂಬಡಿಕೆ ಪರದೇಶಿಗೂ ಪಾಲಿಟ್ಟಿತ್ತು, ಹಳ್ಳಿ ಇಡಲಿಲ್ಲ. ಇಷ್ಟೆಲ್ಲ ಕಟ್ಟಳೆ ಬೇಕಾದದ್ದಾದರೂ ಏಕೆ? ಗಂಡಸಿನ ಕೂಲಿ ಚಳಿಗಾಲದ ರೊಟ್ಟಿಗೆ ಸಾಲುತ್ತಿರಲಿಲ್ಲ. 1834ರ ಹೊಸ ಬಡವರ ಕಾಯಿದೆಯ ನಂತರ, ಕೈಲಾಗದವರಿಗೆ ಉಳಿದದ್ದು ಸಂಸಾರವನ್ನೇ ಬೇರೆಬೇರೆ ಮಾಡುತ್ತಿದ್ದ ವರ್ಕ್‌ಹೌಸ್. ಕುರ್ಚಿಯ ಮೇಲಿನ ಮೂಟೆಯ ಹಿಂದೆ ಆ ಭಯವೂ ಇತ್ತು.

ಕೊನೆಗೆ ಹಕ್ಕಲನ್ನು ನಿಲ್ಲಿಸಿದ್ದು ನ್ಯಾಯಾಲಯವಲ್ಲ. ಕುದುರೆ ಎಳೆಯುವ ಕುಂಟೆ, ಕೊಯ್ದು ಕಟ್ಟುವ ಯಂತ್ರಗಳು ಬಂದು ಹೊಲದಲ್ಲಿ ಉಳಿಯುವುದು ಕಡಿಮೆಯಾಯಿತು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಹಡಗು ತುಂಬಿ ಬಂತು. ಹಳ್ಳಿಯ ಗಿರಣಿಗಳು ಮುಚ್ಚಿದವು, ಬೇಕರಿಯ ಗಾಡಿ ಮನೆ ಬಾಗಿಲಿಗೆ ರೊಟ್ಟಿ ತಂದಿತು. ಮೊದಲ ಮಹಾಯುದ್ಧದ ಹೊತ್ತಿಗೆ ಹಕ್ಕಲು ಬಹುಮಟ್ಟಿಗೆ ಕೋಳಿಗೆ ಕಾಳು ಹೊಂದಿಸುವ ಕೆಲಸವಾಗಿ ಇಳಿದಿತ್ತು.

1948ರಲ್ಲಿ ಜಾರ್ಜ್ ಯೂವರ್ಟ್ ಎವಾನ್ಸ್ ಎಂಬ ಲೇಖಕ ಸಫೊಕ್‌ನ ಬ್ಲ್ಯಾಕ್ಸಾಲ್ ಎಂಬ ಹಳ್ಳಿಗೆ ಬಂದು ನೆಲೆಸಿದ. ಅವನು ವೇಲ್ಸ್‌ನ ಗಣಿ ಸೀಮೆಯವನು. ಹೆಂಡತಿಗೆ ಆ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅವನಿಗೆ ಕಿವಿ ಮಂದವಾಗತೊಡಗಿತ್ತು. ಅಂಥವನು ಮುದುಕ ಕುರುಬರ, ಗಾಡಿ ಹೊಡೆಯುವವರ, ಅವರ ಹೆಂಡಂದಿರ ಪಕ್ಕ ಕೂತು ಮಾತು ಕೇಳಿಸಿಕೊಂಡ. ಕುರಿ ಕಾಯುವುದು, ಮನೆಯಲ್ಲಿ ರೊಟ್ಟಿ ಸುಡುವುದು, ರಸ್ತೆಗೆಂದು ಹೊಲದ ಕಲ್ಲು ಆಯುವುದು, ಹಕ್ಕಲು, ಎಲ್ಲವನ್ನೂ ಬರೆದುಕೊಂಡು 1956ರಲ್ಲಿ ಪುಸ್ತಕ ಮಾಡಿದ. ಇಂಗ್ಲೆಂಡಿನಲ್ಲಿ ಬಾಯ್ಮಾತಿನ ಚರಿತ್ರೆ ಎಂಬ ಅಧ್ಯಯನಕ್ಕೆ ದಾರಿ ಮಾಡಿದ ಪುಸ್ತಕಗಳಲ್ಲಿ ಅದೊಂದು. ಅವನು ಕೇಳಿದ್ದು ಕೈಯಿಂದಲೇ ಕೊಯ್ದ, ಕೈಯಿಂದಲೇ ಆಯ್ದ ಕೊನೆಯ ತಲೆಮಾರನ್ನು. ಇನ್ನು ಇಪ್ಪತ್ತು ವರ್ಷ ತಡವಾಗಿದ್ದರೆ ಬ್ಲ್ಯಾಕ್ಸಾಲ್‌ನಲ್ಲಿ ಉತ್ತರ ಹೇಳುವವರು ಇರುತ್ತಿರಲಿಲ್ಲ.

ಮೇರಿ ಹೌಟನ್‌ಳನ್ನು ಹಾಗೆ ಪಕ್ಕದಲ್ಲಿ ಕೂತು ಕೇಳಿದವರಿಲ್ಲ. ಆ ವರ್ಷ ಅವಳು ಎಷ್ಟು ತೆನೆ ಆಯ್ದಳು, ರೈತ ಗದರಿದಾಗ ಏನೆಂದಳು ಎಂಬುದು ಅವಳೊಂದಿಗೇ ಹೋಯಿತು. ಉಳಿದದ್ದು ನ್ಯಾಯಮೂರ್ತಿಗಳ ಮಾತು. ಇತಿಹಾಸದ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ. ತೀರ್ಪನ್ನು ಓದಿ, ಅದು ಗ್ರಂಥಾಲಯದಲ್ಲಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಅದಕ್ಕೂ ಮೊದಲು, ತೆನೆ ಆಯ್ದವರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಹೋಗಿ ಮಾತಾಡಿಸಿ. ಅವರ ಹೆಸರನ್ನು ಮೊದಲು ಬರೆದುಕೊಳ್ಳಿ.