ಮೈಸೂರು ಅಂಚೆಯ ಲಾಭನಷ್ಟ

ತರೀಕೆರೆಗೆ ಸಮೀಪದ ಅಮೃತಾಪುರವನ್ನು ನಮ್ಮ ಜನರು ಬಲ್ಲುದು ಅಮೃತೇಶ್ವರ ದೇವಾಲಯದಿಂದ. ಹೊಯ್ಸಳ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಆ ಗುಡಿಯ ಶಿಲ್ಪವೈಭವವು ಇಂದಿನ ಭಾಷಣದ ವಿಷಯವಲ್ಲ. ಅಂತಹ ಗ್ರಾಮವೊಂದಕ್ಕೆ ಹೊರಗಿನಿಂದ ಒಂದು ಕಾಗದ ಬರಬೇಕಾದರೆ ಅದರ ವೆಚ್ಚವನ್ನು ಹೊರುವವರಾರು? ಈ ಸಣ್ಣ ಪ್ರಶ್ನೆಯಲ್ಲಿ ಮೈಸೂರು ಅಂಚೆಯ ಚರಿತ್ರೆಯೆಲ್ಲವೂ ಅಡಗಿದೆ.

ಚಿಕ್ಕದೇವರಾಜ ಒಡೆಯರು (1673–1704) ರಾಜ್ಯದಲ್ಲಿ ಅಂಚೆಯ ಏರ್ಪಾಡನ್ನು ಸ್ಥಾಪಿಸಿದರು. ಅವರ ಅಂಚೆಯವರು ಪತ್ರಗಳನ್ನು ಸಾಗಿಸುವುದರ ಜೊತೆಗೆ ತಮ್ಮ ತಮ್ಮ ಸೀಮೆಯ ವರ್ತಮಾನಗಳನ್ನು ಅರಮನೆಗೆ ತಿಳಿಸಬೇಕಾಗಿದ್ದಿತು. ಆದುದರಿಂದ ಅಂಚೆಯು ಹುಟ್ಟಿದುದು ವ್ಯಾಪಾರಕ್ಕಾಗಿ ಅಲ್ಲ, ಆಳ್ವಿಕೆಗಾಗಿ. ಹೈದರನ ಕಾಲದಲ್ಲಿ ಈ ವರ್ತಮಾನದ ಕೆಲಸವು ಪ್ರಜೆಗಳಿಗೆ ಭಯಕಾರಣವೂ ಆಯಿತು.

ಕಾಲಾಳಿನ ಅಂಚೆಗೆ ಒಂದು ವಿಶೇಷ ಲಕ್ಷಣವುಂಟು. ಚೀಲದಲ್ಲಿ ಒಂದೇ ಕಾಗದವಿರಲಿ, ನೂರಿರಲಿ, ಓಡುವವನ ಸಂಬಳ ಒಂದೇ. ದೊಡ್ಡ ಪಟ್ಟಣಗಳ ನಡುವೆ ಚೀಲ ತುಂಬುವುದು, ಲಾಭವೂ ದೊರೆಯುವುದು. ಮಲೆನಾಡಿನ ಅಂಚಿನ ಹಳ್ಳಿಗೆ ಹೋಗುವ ದಾರಿಯಲ್ಲಿ ಅದು ಬಹುಮಟ್ಟಿಗೆ ಬರಿದಾಗಿರುವುದು. ಲಾಭವೊಂದನ್ನೇ ನೋಡುವ ವರ್ತಕನು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟುಬಿಡುವನು. ಆದರೆ ಸರ್ಕಾರಕ್ಕೆ ತಾಲ್ಲೂಕು ತಾಲ್ಲೂಕಿಗೂ ತನ್ನ ಹುಕುಮುಗಳು ತಲುಪಲೇಬೇಕಾಗಿದ್ದಿತು. ಹೇಗಿದ್ದರೂ ಓಡಲೇಬೇಕಾದವನ ಚೀಲದಲ್ಲಿ ಬಡವನ ಕಾಗದಕ್ಕೂ ಎಡೆ ದೊರೆಯಿತು. ಅಂಚೆಯ ಬಾಳಿಕೆಯ ಗುಟ್ಟು ಇದೇ.

1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿದ ಮೇಲೂ ಅಂಚೆಯು ನಿಲ್ಲಲಿಲ್ಲ. ಆದರೆ ಪ್ರಬಲನಾದ ನೆರೆಯವನೊಬ್ಬನು ಬೆಳೆಯುತ್ತಿದ್ದನು. 1854ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯು ದೂರವನ್ನೆಣಿಸದೆ ಹಗುರವಾದ ಕಾಗದಕ್ಕೆ ಅರ್ಧ ಆಣೆಯ ದರವನ್ನು ಗೊತ್ತುಮಾಡಿತು. ಸಂಸ್ಥಾನದೊಳಗೆ ಎರಡು ಅಂಚೆಗಳು ಜೊತೆಜೊತೆಯಾಗಿ ನಡೆಯತೊಡಗಿದವು. ಸಂಸ್ಥಾನದ ಎಲ್ಲೆ ದಾಟುವ ಪತ್ರವ್ಯವಹಾರ ಹೆಚ್ಚಿದಂತೆಲ್ಲ ಒಂದಕ್ಕೆ ಬಲ, ಇನ್ನೊಂದಕ್ಕೆ ಭಾರ.

ಕೊನೆಗೆ 1889ರಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಮೈಸೂರು ಅಂಚೆಯು ಬ್ರಿಟಿಷ್ ಅಂಚೆಯಲ್ಲಿ ಲೀನವಾಯಿತು. ಸಂಸ್ಥಾನದ ಸರ್ಕಾರಿ ಪತ್ರಗಳನ್ನು ಉಚಿತವಾಗಿ ಸಾಗಿಸುವ ಸೌಕರ್ಯವು ಪ್ರತಿಯಾಗಿ ದೊರೆಯಿತು. ಅದೇ ವರ್ಷ ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಹಾಯುವ ರೈಲುದಾರಿ ಹರಿಹರವನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗೆಗೆ ರೈಲು ಬಂದಿತು. ಕಾಲಾಳು ಹೊರಲಾರದ ಪಾರ್ಸೆಲುಗಳಿಗೆ ಹೊಸ ಹಾದಿ ತೆರೆಯಿತು.

ಈ ವಿಲೀನವು ಲಾಭವೋ ನಷ್ಟವೋ? ತಿರುವಾಂಕೂರು ತನ್ನ ಅಂಚಲನ್ನು 1951ರವರೆಗೂ ಉಳಿಸಿಕೊಂಡಿತು. ತನ್ನದೇ ಸ್ಟಾಂಪುಗಳನ್ನೂ ಹೊರಡಿಸಿತು. ಮೈಸೂರು ಆ ಅಭಿಮಾನವನ್ನು ಬಿಟ್ಟುಕೊಟ್ಟು ಇಮ್ಮಡಿ ವೆಚ್ಚವನ್ನು ಉಳಿಸಿತು. ಲೆಕ್ಕದ ದೃಷ್ಟಿಯಿಂದ ಅದು ವಿವೇಕವೇ. ಆದರೆ ಅಂಚೆಯ ಲೆಕ್ಕಪುಸ್ತಕದಲ್ಲಿ ಸೇರದ ಬಾಬುಗಳೂ ಉಂಟು: ದೂರದೂರಿನ ಮಗನ ಕ್ಷೇಮ, ಕಾಲಕ್ಕೆ ತಲುಪಿದ ಹುಕುಮು. ಪಾರ್ಸೆಲಿನ ವ್ಯಾಪಾರಕ್ಕೆ ಖಾಸಗಿ ಸಂಸ್ಥೆಗಳೂ ಇಳಿದಿರುವ ಈ ದಿನಗಳಲ್ಲಿ, ಬರಿದಾದ ಚೀಲದ ಕೂಲಿಯನ್ನು ತುಂಬಿದ ಚೀಲವು ಹೊರಬೇಕೆಂಬ ಹಳೆಯ ನ್ಯಾಯವನ್ನು ನಾವು ಮರೆಯಬಾರದು. ಮೈಸೂರಿನ ಅಂಚೆ ಅಳಿಯಿತು. ಅದನ್ನು ನುಂಗಿದ ಇಲಾಖೆಯನ್ನು ಕನ್ನಡಿಗರು ಇಂದಿಗೂ ಕರೆಯುವುದು ಅಂಚೆಯೆಂದೇ.